ನೋಟಿನ ಮೇಲಿನ ಸಹಿ, ಪ್ರೋನೋಟಿನ ಮೇಲಿನ ಹೆಬ್ಬೆಟ್ಟು

‘ದುಡ್ಡೇ ದೊಡ್ಡಪ್ಪ’ ಎನ್ನುವ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ಆ ದೊಡ್ಡಪ್ಪನನ್ನು ಹುಟ್ಟಿಸಿದವರು ಯಾರು, ಅವನಿಗೆ ಶಕ್ತಿ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ.

ಚಳ್ಳಕೆರೆ ಸೀಮೆಯ ಗೌರಸಮುದ್ರದಲ್ಲಿ ವರ್ಷಾ ವರ್ಷ ಮಾರಮ್ಮನ ಜಾತ್ರೆ ಸೇರುತ್ತದೆ. ಚಿತ್ರದುರ್ಗದವರಷ್ಟೇ ಅಲ್ಲ, ಬಳ್ಳಾರಿ ಕಡೆಯವರು, ಗಡಿಯಾಚೆಯ ಆಂಧ್ರದವರು ಗಾಡಿ ಕಟ್ಟಿಕೊಂಡು ಬರುತ್ತಾರೆ. ಅಲ್ಲಿ ಹತ್ತು ರೂಪಾಯಿಯ ಒಂದು ನೋಟು ಮಂಡಕ್ಕಿ ಮಾರುವವನ ಕೈಯಿಂದ ಬಳೆ ತೊಡಿಸುವವಳ ಕೈಗೆ, ಅವಳ ಕೈಯಿಂದ ಕೋಳಿ ಮಾರುವವನ ಕೈಗೆ ಓಡಾಡುತ್ತದೆ. ಆ ನೋಟಿನ ಜಾತಿಯನ್ನು ಯಾರೂ ಕೇಳುವುದಿಲ್ಲ. ಹಿಂದೆ ನಮ್ಮ ಹಟ್ಟಿ ಕೇರಿಗಳ ಜನ ಅಂಗಡಿಯ ಕಟ್ಟೆ ಮೇಲೆ ಕಾಸಿಟ್ಟು ದೂರ ನಿಲ್ಲಬೇಕಿತ್ತು. ಅಂಗಡಿಯವನು ಕಾಸಿಗೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದ. ಮೈಲಿಗೆ ಮನುಷ್ಯನಿಗೆ ಅಂಟಿತ್ತೇ ಹೊರತು ದುಡ್ಡಿಗೆ ಅಂಟಲಿಲ್ಲ.

ಈ ನೋಟನ್ನು ಬೆಳಕಿಗೆ ಹಿಡಿದು ನೋಡಿ. ಅದರ ಮೇಲೆ ಒಂದು ಸಹಿ ಇದೆ. ಸಹಿಯ ಕೆಳಗೆ ‘ಗವರ್ನರ್’ ಎಂದಿದೆ. ಈತ ಬೆಂಗಳೂರಿನಲ್ಲಿರುವ ರಾಜ್ಯಪಾಲನಲ್ಲ. ಮುಂಬಯಿಯಲ್ಲಿ ಕೂತಿರುವ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್. ಸಹಿಯ ಮೇಲ್ಗಡೆ ಒಂದು ಮಾತಿದೆ: ಈ ನೋಟನ್ನು ತಂದವನಿಗೆ ಇಷ್ಟು ರೂಪಾಯಿ ಕೊಡುತ್ತೇನೆ ಎಂಬ ವಚನ. ವಚನ ಇರುವುದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ನೋಟನ್ನು ತಿರುವಿದರೆ ಹದಿನೈದು ಭಾಷೆಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ನಾಲ್ಕನೆಯ ಸಾಲು ಕನ್ನಡದ್ದು. ಅಲ್ಲಿ ಬರೀ ‘ಹತ್ತು ರೂಪಾಯಿ’ ಎಂದಿದೆ. ಮೊತ್ತ ನಮ್ಮ ಭಾಷೆಗೆ ಬಂತು, ವಚನ ಬರಲಿಲ್ಲ.

ಗೌರಸಮುದ್ರದ ಸೀಮೆಗೆ ಇದು ಹೊಸದೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನವು. ಅವುಗಳ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ತಾನು ಲಿಪಿಕಾರ ಎಂಬುದನ್ನು ಮಾತ್ರ ಚಪಡ ವಾಯವ್ಯ ಗಡಿಯ ಖರೋಷ್ಠಿಯಲ್ಲಿ ಕೆತ್ತಿದ. ಈ ಬಂಡೆಗಳ ನಡುವೆ ದನ ಕುರಿ ಮೇಯಿಸುತ್ತಿದ್ದವರಲ್ಲಿ ಅದನ್ನು ಓದಬಲ್ಲವರು ಎಷ್ಟಿದ್ದರು? ಆಮೇಲೆ ಶಾತವಾಹನರ ನಾಣ್ಯ ಬಂತು, ರೋಮಿನ ಬೆಳ್ಳಿ ನಾಣ್ಯವೂ ಬಂತು. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲಿ ಅಗಸ್ಟಸ್, ಟೈಬೀರಿಯಸ್ ಎಂಬ ರೋಮನ್ ದೊರೆಗಳ ಮುಖದ ನಾಣ್ಯಗಳು ಸಿಕ್ಕಿವೆ. ದುಡ್ಡಿನ ಮೇಲೆ ಮುಖ ಯಾರದೋ, ಬರಹ ಯಾರದೋ. ಆ ದುಡ್ಡಿಗಾಗಿ ಬೆವರು ಸುರಿಸಿದವರು ಮಾತ್ರ ಇಲ್ಲಿನವರೇ.

ನಮ್ಮ ಹಳ್ಳಿಗಳಿಗೆ ಇನ್ನೊಂದು ನೋಟೂ ಗೊತ್ತು. ಅದು ಪ್ರೋನೋಟು. ‘ಇಷ್ಟು ಸಾಲ ಇಸ್ಕೊಂಡಿದ್ದೀನಿ, ಕೇಳಿದಾಗ ಬಡ್ಡಿ ಸಮೇತ ಕೊಡ್ತೀನಿ’ ಎಂದು ಸಾವುಕಾರನಿಗೆ ಬರೆದುಕೊಡುವ ಚೀಟಿ. ಅದರ ಕೆಳಗೆ ನಮ್ಮವರ ಹೆಬ್ಬೆಟ್ಟು. ಹುಟ್ಟಿನಿಂದ ಈ ಎರಡೂ ಅಣ್ಣತಮ್ಮಂದಿರು. ರಿಸರ್ವ್ ಬ್ಯಾಂಕಿನ ನೋಟೂ ಒಂದು ಪ್ರೋನೋಟೇ. ವ್ಯತ್ಯಾಸ ಇಷ್ಟೇ: ಹೆಬ್ಬೆಟ್ಟು ಒತ್ತಿದವನು ಮಾತಿಗೆ ತಪ್ಪಿದರೆ ಹೊಲ ಹೋಗುತ್ತದೆ, ಎತ್ತು ಹೋಗುತ್ತದೆ, ಮಗ ಜೀತಕ್ಕೆ ಹೋಗುತ್ತಾನೆ. ಗವರ್ನರ್ ಸಹಿ ಮಾಡಿದ ನೋಟಿನ ಬೆಲೆ ಅರ್ಧಕ್ಕೆ ಇಳಿದರೂ ಅವನ ಮನೆ ಹರಾಜಿಗೆ ಬರುವುದಿಲ್ಲ. ಹತ್ತು ರೂಪಾಯಿ ತಂದವನಿಗೆ ಅವನು ಕೊಡಬೇಕಾದದ್ದು ಇನ್ನೊಂದು ಹತ್ತು ರೂಪಾಯಿ. ಆ ಹತ್ತು ರೂಪಾಯಿಗೆ ಎಷ್ಟು ರಾಗಿ ಬರುತ್ತದೆ ಎಂಬ ಬಗ್ಗೆ ನೋಟು ಏನನ್ನೂ ಹೇಳುವುದಿಲ್ಲ.

ಈ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆಯೇ ಎತ್ತಿದವರು ಬಾಬಾಸಾಹೇಬ್ ಅಂಬೇಡ್ಕರ್. ಲಂಡನ್ನಿನಲ್ಲಿ ಡಿ.ಎಸ್‌ಸಿ. ಪದವಿಗೆ ಬರೆದ ಪ್ರಬಂಧವನ್ನು 1923ರಲ್ಲಿ ಅವರು ಪುಸ್ತಕವಾಗಿ ಪ್ರಕಟಿಸಿದರು. ಅದರ ವಿಷಯ ರೂಪಾಯಿಯ ಸಮಸ್ಯೆ: ಅದರ ಹುಟ್ಟು ಮತ್ತು ಪರಿಹಾರ. 1925ರ ಡಿಸೆಂಬರಿನಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಕೂತು ಸಾಕ್ಷ್ಯ ನುಡಿದರು. ಆ ಆಯೋಗ 1926ರಲ್ಲಿ ಕೊಟ್ಟ ವರದಿ ರಿಸರ್ವ್ ಬ್ಯಾಂಕ್ ಬೇಕು ಎಂದಿತು. 1934ರಲ್ಲಿ ಕಾಯಿದೆ ಆಯಿತು. 1935ರ ಏಪ್ರಿಲ್ 1ರಂದು ಬ್ಯಾಂಕ್ ಬಾಗಿಲು ತೆರೆಯಿತು.

ನಮ್ಮ ಸಭೆಗಳಲ್ಲಿ ‘ರಿಸರ್ವ್ ಬ್ಯಾಂಕ್ ಕಟ್ಟಿದವರೇ ಬಾಬಾಸಾಹೇಬರು’ ಎಂದು ಭಾಷಣ ಮಾಡುವ ಗೆಳೆಯರಿದ್ದಾರೆ. ಚಪ್ಪಾಳೆ ಬೀಳುತ್ತದೆ. ಆದರೆ ಅಂಬೇಡ್ಕರ್ ಹೇಳಿದ್ದು ಈ ಘೋಷಣೆಗಿಂತ ಹರಿತವಾದ ಮಾತು. ಅದನ್ನು ಘೋಷಣೆಯಡಿ ಹೂತುಹಾಕುವುದು ಬೇಡ. ರೂಪಾಯಿಯನ್ನು ಹೆಚ್ಚು ಮಾಡುವ ಕಡಿಮೆ ಮಾಡುವ ಕೆಲಸವನ್ನು ಆಳುವವರ ಮರ್ಜಿಗೆ ಬಿಡಬಾರದು ಎಂಬುದು ಅವರ ವಾದ. ರೂಪಾಯಿಯ ಟಂಕಿಸುವಿಕೆ ನಿಲ್ಲಿಸಿ, ಅದರ ಮೊತ್ತಕ್ಕೆ ಕಾನೂನಿನಿಂದಲೇ ಮಿತಿ ಹಾಕಿ, ಚಿನ್ನದ ನಾಣ್ಯ ಹೊರಡಿಸಿ ಎಂದರು. ಒಳ್ಳೆಯ ಒಡೆಯ ಬಂದಾನು ಎಂದು ಅವರು ಕಾಯಲಿಲ್ಲ. ಯಾವ ಒಡೆಯ ಬಂದರೂ ಅವನ ಕೈಗೆ ಕಟ್ಟು ಬೇಕು ಎಂದರು. ಶತಮಾನಗಳಿಂದ ಒಡೆಯರ ಮರ್ಜಿಯಲ್ಲಿ ಬದುಕಿದ ಜನರ ನಡುವಿನಿಂದ ಬಂದವರಿಗೆ ಇದನ್ನು ಪುಸ್ತಕ ಓದಿ ಕಲಿಯಬೇಕಿರಲಿಲ್ಲ. ಚಿನ್ನದ ನಾಣ್ಯದ ಕಾಲ ಮುಗಿಯಿತು, ಆ ಪರಿಹಾರವನ್ನು ಇವತ್ತು ಯಾರೂ ಕೇಳುವುದಿಲ್ಲ. ಅವರ ಪ್ರಶ್ನೆ ಹಾಗೇ ಉಳಿದಿದೆ.

ಆ ಪ್ರಶ್ನೆ ಏನು? ರೂಪಾಯಿಯ ಬೆಲೆ ಇಳಿದಾಗ ಗೆಲ್ಲುವವರು ಯಾರು, ಸೋಲುವವರು ಯಾರು? ರಫ್ತಿನ ವ್ಯಾಪಾರಿಗೆ, ಗಿರಣಿ ಮಾಲೀಕನಿಗೆ ಆಗುವ ಲಾಭ ಕೂಲಿಯವನ ಹೊಟ್ಟೆಯಿಂದ ಕಿತ್ತ ಲಾಭ ಎಂದು ಅಂಬೇಡ್ಕರ್ ತೋರಿಸಿದರು. ನಾವೇ ಒಂದು ಲೆಕ್ಕ ಮಾಡೋಣ. ಕಡಲೆಕಾಯಿ ಕೀಳುವ ಹೆಣ್ಣಾಳಿಗೆ ದಿನಕ್ಕೆ 300 ರೂಪಾಯಿ ಕೂಲಿ, ರಾಗಿ ಕೆಜಿಗೆ 30 ರೂಪಾಯಿ ಎಂದುಕೊಳ್ಳಿ. ಅವಳು ದುಡಿದದ್ದು ಹತ್ತು ಕೆಜಿ ರಾಗಿ. ರಾಗಿ 40 ರೂಪಾಯಿಗೆ ಏರಿತು, ಕೂಲಿ ಅಲ್ಲೇ ನಿಂತಿತು. ಈಗ ಅವಳು ದುಡಿದದ್ದು ಏಳೂವರೆ ಕೆಜಿ. ಎರಡೂವರೆ ಕೆಜಿ ರಾಗಿ ಎಲ್ಲಿ ಹೋಯಿತು? ಕಳ್ಳ ಮನೆಗೆ ಬರಲಿಲ್ಲ, ಬೀಗ ಒಡೆಯಲಿಲ್ಲ. ಅವಳ ಕೈಯಲ್ಲಿ ನೋಟು ಇದ್ದ ಹಾಗೇ ಇದೆ. ಹೊಲ ಇದ್ದವನ ಹೊಲದ ಬೆಲೆ ಏರುತ್ತದೆ, ಚಿನ್ನ ಇದ್ದವನ ಚಿನ್ನದ ಬೆಲೆ ಏರುತ್ತದೆ. ತೋಳು ಮಾತ್ರ ಇದ್ದವರ ತೋಳಿನ ಬೆಲೆ ಏರುವುದು ಎಲ್ಲರಿಗಿಂತ ಕೊನೆಗೆ. ಗವರ್ನರುಗಳ ಚರಿತ್ರೆಯನ್ನು ನಾವು ಅಳೆಯಬೇಕಾದ ಕೋಲು ಇದು.

ಗವರ್ನರ್ ಮಾಡುವ ಕೆಲಸ ಏನು ಎಂಬುದನ್ನು ಸುಲಭವಾಗಿ ಹೇಳಬಹುದು. ಒಂದು ರೂಪಾಯಿ ನೋಟನ್ನು ಬಿಟ್ಟು ಉಳಿದ ನೋಟುಗಳನ್ನು ಹೊರಡಿಸುವ ಹಕ್ಕು ರಿಸರ್ವ್ ಬ್ಯಾಂಕಿನದು. ಒಂದು ರೂಪಾಯಿ ನೋಟಿಗೆ ಕೇಂದ್ರದ ಹಣಕಾಸು ಕಾರ್ಯದರ್ಶಿ ಸಹಿ ಹಾಕುತ್ತಾರೆ, ಅದರಲ್ಲಿ ವಚನವೂ ಇಲ್ಲ. ಬ್ಯಾಂಕುಗಳಿಗೆ ಸಾಲ ಕೊಡುವ ಬ್ಯಾಂಕು ಇದು. ಇಲ್ಲಿ ಬಡ್ಡಿ ಏರಿದರೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಲಕ್ಕೂ ಏರುತ್ತದೆ, ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಸಾಲಕ್ಕೂ ಏರುತ್ತದೆ. ಸರ್ಕಾರದ ಖಜಾನೆ ಲೆಕ್ಕ ಇಡುವುದು, ವಿದೇಶಿ ವಿನಿಮಯ ಕಾಯುವುದು, ಯಾವ ಬ್ಯಾಂಕ್ ಯಾರಿಗೆ ಎಷ್ಟು ಪಾಲು ಸಾಲ ಕೊಡಬೇಕೆಂದು ನಿಯಮ ಮಾಡುವುದು, ಎಲ್ಲ ಇಲ್ಲಿಂದಲೇ. ಗವರ್ನರನ್ನು ನೇಮಿಸುವುದು ಕೇಂದ್ರ ಸರ್ಕಾರ. ಒಂದು ಸಲಕ್ಕೆ ಐದು ವರ್ಷ ಮೀರದ ಅವಧಿ. ಕಾಯಿದೆಯ 7ನೆಯ ಕಲಮಿನ ಪ್ರಕಾರ, ಗವರ್ನರ್ ಜೊತೆ ಸಮಾಲೋಚಿಸಿ ಸಾರ್ವಜನಿಕ ಹಿತದ ಹೆಸರಿನಲ್ಲಿ ಸರ್ಕಾರ ಬ್ಯಾಂಕಿಗೆ ಆಜ್ಞೆಯನ್ನೂ ಕೊಡಬಹುದು. ಅಂದರೆ ಲಗಾಮು ಹಿಡಿದವನ ಕೈಯನ್ನೇ ಹಿಡಿಯುವ ಇನ್ನೊಂದು ಕೈ ದೆಹಲಿಯಲ್ಲಿದೆ.

ಮೊದಲು ಇದು ಷೇರುದಾರರ ಬ್ಯಾಂಕಾಗಿತ್ತು. ಬಂಡವಾಳ 5 ಕೋಟಿ, ಒಂದು ಷೇರಿಗೆ 100 ರೂಪಾಯಿ. ವರ್ಷಕ್ಕಿಷ್ಟು ಕಾಳು ಎಂದು ಜೀತಕ್ಕಿದ್ದವನ ಕಣ್ಣಿಗೆ ಆ ದಿನಗಳಲ್ಲಿ 100 ರೂಪಾಯಿ ಬಿದ್ದಿರಲಾರದು. ಮೊದಲ ಗವರ್ನರ್ ಸರ್ ಓಸ್ಬೋರ್ನ್ ಸ್ಮಿತ್. ಇಂಪೀರಿಯಲ್ ಬ್ಯಾಂಕಿನಿಂದ ಬಂದ ಬಿಳಿಯ. ಬಡ್ಡಿ ದರ, ವಿನಿಮಯ ದರಗಳ ವಿಚಾರದಲ್ಲಿ ಸರ್ಕಾರದೊಡನೆ ಜಗಳವಾಡಿ 1937ರಲ್ಲಿ ಹೊರಟುಹೋದ. ಒಂದು ನೋಟಿಗೂ ಅವನ ಸಹಿ ಬೀಳಲಿಲ್ಲ. ರಿಸರ್ವ್ ಬ್ಯಾಂಕಿನ ಮೊದಲ ನೋಟುಗಳು 1938ರಲ್ಲಿ ಬಂದವು, ಎರಡನೆಯ ಗವರ್ನರ್ ಜೇಮ್ಸ್ ಟೇಲರ್ ಸಹಿ ಹೊತ್ತು, ಆರನೇ ಜಾರ್ಜ್ ದೊರೆಯ ಮುಖ ಹೊತ್ತು.

ಟೇಲರ್ 1943ರಲ್ಲಿ ಅಧಿಕಾರದಲ್ಲಿರುವಾಗಲೇ ಸತ್ತ. ಆ ವರ್ಷ ಚಿಂತಾಮಣ ದೇಶಮುಖ್ ಮೊದಲ ಭಾರತೀಯ ಗವರ್ನರ್ ಆದರು. ಪಾಠದ ಪುಸ್ತಕಗಳು ಇದನ್ನು ಹೆಮ್ಮೆಯಿಂದ ಹೇಳುತ್ತವೆ. ಅದೇ 1943ರಲ್ಲಿ ಇನ್ನೊಂದು ನಡೆಯಿತು. ಯುದ್ಧಕ್ಕೆ ಬೇಕಾದ ಬಟ್ಟೆ, ಕಾಳು, ಚರ್ಮವನ್ನೆಲ್ಲ ಬ್ರಿಟಿಷರು ಇಲ್ಲಿಂದ ಎತ್ತಿದರು. ಅದರ ಬೆಲೆಯನ್ನು ಲಂಡನ್ನಿನ ಲೆಕ್ಕದ ಪುಸ್ತಕದಲ್ಲಿ ಪೌಂಡಿನಲ್ಲಿ ಬರೆದಿಟ್ಟರು. ಆ ಬರಹದ ಆಧಾರದ ಮೇಲೆ ಇಲ್ಲಿ ನೋಟು ಅಚ್ಚಾದವು. 1939ರಲ್ಲಿ ಸುಮಾರು 180 ಕೋಟಿ ಇದ್ದ ನೋಟುಗಳ ಚಲಾವಣೆ ಯುದ್ಧ ಮುಗಿಯುವ ಹೊತ್ತಿಗೆ 1,200 ಕೋಟಿಯ ಸುತ್ತ ಮುಟ್ಟಿತು. ಬೆಲೆ ಮುಗಿಲಿಗೆ ಏರಿತು. ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿವಿನಿಂದ ಸತ್ತರು. ಅಮರ್ತ್ಯ ಸೇನ್ ಆಮೇಲೆ ಲೆಕ್ಕ ತೆಗೆದು ತೋರಿಸಿದರು: ಹೆಚ್ಚು ಪೆಟ್ಟು ಬಿದ್ದದ್ದು ಭೂಮಿಯಿಲ್ಲದ ಕೂಲಿಗಳಿಗೆ, ಮೀನುಗಾರರಿಗೆ. ಕಾಳು ಇತ್ತು, ಅವರ ಕೈಯ ದುಡ್ಡಿಗೆ ಕಾಳು ಕೊಳ್ಳುವ ಶಕ್ತಿ ಇರಲಿಲ್ಲ. ಇದನ್ನು ದೇಶಮುಖರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ತೀರ್ಮಾನ ಆದದ್ದು ಲಂಡನ್ನಿನಲ್ಲಿ. ಆದರೆ ಗವರ್ನರನ ಕುರ್ಚಿಯಲ್ಲಿ ಕೂತವನ ಚರ್ಮ ಕಪ್ಪಾದ ಮಾತ್ರಕ್ಕೆ ಬಡವರ ನೋಟಿಗೆ ಕಾವಲು ಸಿಗುವುದಿಲ್ಲ ಎಂಬುದು ಮೊದಲ ವರ್ಷದಲ್ಲೇ ಗೊತ್ತಾಯಿತು.

1949ರ ಜನವರಿ 1ರಂದು ಬ್ಯಾಂಕ್ ರಾಷ್ಟ್ರೀಕರಣವಾಯಿತು. ಅದೇ ವರ್ಷ ಜುಲೈಯಲ್ಲಿ ನಮ್ಮ ಕರಾವಳಿಯವರೊಬ್ಬರು ಗವರ್ನರ್ ಆದರು. ಮಂಗಳೂರಿನ ಬೆನೆಗಲ್ ಮನೆತನದ ರಾಮರಾವ್. ಸಂವಿಧಾನದ ಕರಡಿನ ಕೆಲಸದಲ್ಲಿ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಇವರ ಅಣ್ಣ. ಏಳೂವರೆ ವರ್ಷ, ಅಂದರೆ ಬೇರೆ ಯಾವ ಗವರ್ನರಿಗಿಂತಲೂ ಹೆಚ್ಚು ಕಾಲ, ರಾಮರಾವ್ ಆ ಕುರ್ಚಿಯಲ್ಲಿದ್ದರು. ಅವರ ಕಾಲದಲ್ಲಿ ಒಂದು ದೊಡ್ಡ ಕೆಲಸವಾಯಿತು. ಗೋರ್ವಾಲಾ ಸಮಿತಿ ದೇಶದ 75 ಜಿಲ್ಲೆಗಳ 600 ಹಳ್ಳಿಗಳಿಗೆ ಹೋಗಿ ರೈತ ಯಾರ ಹತ್ತಿರ ಸಾಲ ಮಾಡುತ್ತಾನೆ ಎಂದು ಕೇಳಿತು. 1954ರಲ್ಲಿ ವರದಿ ಬಂತು. ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಸುಮಾರು ಮೂರು. ಬ್ಯಾಂಕುಗಳ ಪಾಲು ನೂರಕ್ಕೆ ಒಂದರ ಸುತ್ತ. ಸಾವುಕಾರರ ಪಾಲು ನೂರಕ್ಕೆ ಎಪ್ಪತ್ತರ ಹತ್ತಿರ. ಅಂದರೆ ಹಳ್ಳಿಗಳ ನಿಜವಾದ ರಿಸರ್ವ್ ಬ್ಯಾಂಕ್ ಸಾವುಕಾರನ ಪಡಸಾಲೆಯಲ್ಲಿತ್ತು. ಅದರ ಗವರ್ನರ್ ಅವನೇ. ಬಡ್ಡಿ ದರ ಅವನ ನಾಲಗೆಯ ಮೇಲಿತ್ತು.

ಈ ವರದಿಯಿಂದ ಇಂಪೀರಿಯಲ್ ಬ್ಯಾಂಕ್ 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು, ಹಳ್ಳಿ ಕಡೆ ಶಾಖೆ ತೆರೆಯುವ ಹೊಣೆ ಹೊತ್ತಿತು. ಆದರೆ ವರದಿ ಕೇಳಿದ್ದು ರೈತನನ್ನು. ಹೊಲ ಇದ್ದವನಿಗೆ ಸಾಲ ಹೇಗೆ ಮುಟ್ಟಿಸಬೇಕು ಎಂಬುದು ಅದರ ಚಿಂತೆ. ಹೊಲವೇ ಇಲ್ಲದವನ ಹತ್ತಿರ ಅಡವಿಡಲು ತೋಳು ಬಿಟ್ಟರೆ ಏನಿತ್ತು? ಆ ತೋಳನ್ನು ಅಡವು ಹಿಡಿಯುವ ಬ್ಯಾಂಕಿಗೆ ಜೀತ ಎಂದು ಹೆಸರು.

ರಾಮರಾವ್ ಹೊರಬಂದ ಬಗೆಯನ್ನೂ ತಿಳಿಯಬೇಕು. ಆಗಿನ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ 1956ರ ಕೊನೆಯಲ್ಲಿ ಹುಂಡಿಗಳ ಮೇಲಿನ ಸ್ಟ್ಯಾಂಪ್ ಸುಂಕ ಏರಿಸಿದರು. ಇದು ತನ್ನನ್ನು ದಾಟಿ ಬಡ್ಡಿ ಏರಿಸುವ ದಾರಿ ಎಂದು ಗವರ್ನರ್ ತಕರಾರು ಎತ್ತಿದರು. ಮಂತ್ರಿಗಳು ರಿಸರ್ವ್ ಬ್ಯಾಂಕನ್ನು ತಮ್ಮ ಇಲಾಖೆಯ ಒಂದು ವಿಭಾಗ ಎಂಬಂತೆ ಕಂಡರು. ಪ್ರಧಾನಿ ನೆಹರೂ ಮಂತ್ರಿಯ ಕಡೆ ನಿಂತರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟರು. ಗವರ್ನರಿಗೆ ಬೆನ್ನುಮೂಳೆ ಇರಬೇಕೆಂದು ಹೇಳುವವರು ಇವತ್ತಿಗೂ ಈ ಕಥೆ ಹೇಳುತ್ತಾರೆ. ಹೇಳಲಿ, ಬೆನ್ನುಮೂಳೆ ಬೇಕು. ಆದರೆ ನಾವು ಒಂದು ಮಾತು ಸೇರಿಸಬೇಕು. ಸ್ಮಿತ್ ಜಗಳವಾಡಿದ್ದು ವಿನಿಮಯ ದರಕ್ಕೆ, ರಾಮರಾವ್ ಜಗಳವಾಡಿದ್ದು ಹುಂಡಿಯ ಸುಂಕಕ್ಕೆ. ಹಳ್ಳಿಯ ಸಾಲದಲ್ಲಿ ನೂರಕ್ಕೆ ಎಪ್ಪತ್ತು ಸಾವುಕಾರನದು ಎಂಬ ಲೆಕ್ಕ ಮೇಜಿನ ಮೇಲೆ ಬಿದ್ದಿತ್ತಲ್ಲ, ಅದಕ್ಕಾಗಿ ಕುರ್ಚಿ ಬಿಟ್ಟ ಗವರ್ನರನ್ನು ಚರಿತ್ರೆ ಕಂಡಿಲ್ಲ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಆಗ ಗವರ್ನರ್ ಎಲ್.ಕೆ. ಝಾ. ಆ 14ರಲ್ಲಿ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳಿದ್ದವು. 1980ರಲ್ಲಿ ಕಾರ್ಪೊರೇಷನ್, ವಿಜಯ ಬ್ಯಾಂಕುಗಳೂ ಸೇರಿದವು. ಬ್ಯಾಂಕಿನ ಬಾಗಿಲು ಹಳ್ಳಿಯ ಕಡೆ ತಿರುಗಿದ್ದು ಈಗ. ಸಾಲದ ನೂರರಲ್ಲಿ ನಲವತ್ತು ಪಾಲು ಕೃಷಿ, ಸಣ್ಣ ಕಸುಬು ಮೊದಲಾದ ಆದ್ಯತೆಯ ವಲಯಕ್ಕೆ, ಅದರೊಳಗೆ ಒಂದು ಪಾಲು ದುರ್ಬಲ ವರ್ಗಗಳಿಗೆ ಎಂಬ ನಿಯಮ ಕಾಲಕ್ರಮದಲ್ಲಿ ಬಂತು. 1972ರಲ್ಲಿ ಕಡುಬಡವರಿಗೆ ನೂರಕ್ಕೆ ನಾಲ್ಕರ ಬಡ್ಡಿಯ ಸಾಲ ಬಂತು. ಅದರಲ್ಲಿ ನೂರಕ್ಕೆ ನಲವತ್ತು ಪರಿಶಿಷ್ಟ ಜಾತಿ, ಪಂಗಡಗಳಿಗೆ ಎಂದಾಯಿತು. ಆದರೆ ಇಡೀ ಯೋಜನೆಗೆ ಬ್ಯಾಂಕ್ ತನ್ನ ಸಾಲದಲ್ಲಿ ನೂರಕ್ಕೆ ಒಂದನ್ನು ಎತ್ತಿಟ್ಟರೆ ಸಾಕಿತ್ತು. ಹಂಡೆ ಅವರದು, ಚಮಚ ನಮ್ಮದು.

1975ರಲ್ಲಿ ಎಂ. ನರಸಿಂಹಂ ಅವರ ತಂಡ ಒಂದು ಸಲಹೆ ಕೊಟ್ಟಿತು: ಹಳ್ಳಿಗೆ ಬೇರೆಯದೇ ಬ್ಯಾಂಕ್ ಬೇಕು. ಹೀಗೆ ಗ್ರಾಮೀಣ ಬ್ಯಾಂಕುಗಳು ಹುಟ್ಟಿದವು. ಮೊಳಕಾಲ್ಮೂರಿನ ಪಕ್ಕದ ಬಳ್ಳಾರಿಯಲ್ಲಿ 1976ರಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಬಂತು. ಆಮೇಲೆ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ ಬಂತು. ಅದೇ 1976ರಲ್ಲಿ ದೇಶದಲ್ಲಿ ಜೀತ ನಿಷೇಧದ ಕಾಯಿದೆ, ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರದ ಋಣ ಪರಿಹಾರ ಕಾಯಿದೆ. ಬಡವರ ಹಳೆ ಸಾಲ ವಜಾ, ಅಡವಿಟ್ಟ ಒಡವೆ ಪಾತ್ರೆ ವಾಪಸ್ಸು. ತುರ್ತುಪರಿಸ್ಥಿತಿಯ ಕತ್ತಲಲ್ಲಿ ಈ ಕಾಯಿದೆಗಳು ಬಂದವು ಎಂಬುದನ್ನು ಮರೆಯಬಾರದು. ಆದರೂ ಪ್ರೋನೋಟಿನ ಮೇಲಿನ ಹೆಬ್ಬೆಟ್ಟನ್ನು ಕಾನೂನು ಅಳಿಸಿದ್ದು ಆಗಲೇ. ಅದನ್ನು ಅಳಿಸಿದ ಕೈ ರಿಸರ್ವ್ ಬ್ಯಾಂಕಿನದಲ್ಲ, ಶಾಸನಸಭೆಯದು.

ಇದೇ ನರಸಿಂಹಂ 1977ರಲ್ಲಿ ಏಳು ತಿಂಗಳು ಗವರ್ನರ್ ಆಗಿದ್ದರು. ರಿಸರ್ವ್ ಬ್ಯಾಂಕಿನ ಒಳಗೇ ನೌಕರಿ ಹಿಡಿದು ಗವರ್ನರ್ ಆದವರು ಇವರು. ಹದಿನಾಲ್ಕು ವರ್ಷಗಳ ಮೇಲೆ, 1991ರಲ್ಲಿ, ಇವರದೇ ಇನ್ನೊಂದು ಸಮಿತಿ ಇನ್ನೊಂದು ವರದಿ ಕೊಟ್ಟಿತು. ಆದ್ಯತೆಯ ವಲಯದ ಪಾಲನ್ನು ನಲವತ್ತರಿಂದ ಹತ್ತಕ್ಕೆ ಇಳಿಸಿ ಎಂದಿತು. ಅಷ್ಟು ಇಳಿಸುವ ಧೈರ್ಯ ಸರ್ಕಾರಕ್ಕೆ ಆಗಲಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಕಾಲ ಬದಲಾದಾಗ ಒಂದೇ ಲೇಖನಿ ಎರಡು ಬಗೆ ಬರೆಯುತ್ತದೆ. ಆದ್ದರಿಂದ ಲೇಖನಿ ಹಿಡಿದವನ ಒಳ್ಳೆಯತನವನ್ನು ನಂಬಿ ಕೂರುವುದು ಬೇಡ ಎಂದ ಅಂಬೇಡ್ಕರ್ ಮಾತು ಇಲ್ಲಿ ನೆನಪಾಗಬೇಕು.

ಆ 1991ರಲ್ಲೇ ದೇಶವೇ ಅಡವಿಡುವ ಸ್ಥಿತಿಗೆ ಬಂತು. ಗವರ್ನರ್ ಎಸ್. ವೆಂಕಟರಮಣನ್. ಸಾಲ ತೀರಿಸಲು ವಿದೇಶಿ ನಾಣ್ಯ ಇರಲಿಲ್ಲ. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್, ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಒತ್ತೆ ಇಟ್ಟರು. ದೇಶದ ಮಾನ ಹೋಯಿತೆಂದು ಪತ್ರಿಕೆಗಳು ಗೋಳಾಡಿದವು. ನಮ್ಮ ತಾಯಂದಿರಿಗೆ ಇದರಲ್ಲಿ ಸೋಜಿಗ ಏನಿತ್ತು? ಮುಂಗಾರು ಕೈಕೊಟ್ಟ ವರ್ಷ ಕಿವಿಯ ಓಲೆ, ಕೊರಳ ತಾಳಿ ಅಡವು ಅಂಗಡಿಗೆ ಹೋಗುವುದು ಈ ಬರದ ಸೀಮೆಯ ವಾಡಿಕೆ. ದೇಶದ ಚಿನ್ನ ಬಿಡಿಸಿಕೊಳ್ಳಲು ಎಲ್ಲರೂ ಓಡಾಡಿದರು. ಅದು ಬೇಗ ಬಿಡುಗಡೆಯಾಯಿತು. ಆ ಓಲೆಗಳಲ್ಲಿ ಎಷ್ಟೋ ಹಿಂದಕ್ಕೆ ಬರಲೇ ಇಲ್ಲ.

ಈಚಿನ ಎರಡು ಅಧ್ಯಾಯಗಳನ್ನು ನಮ್ಮ ವಿದ್ಯಾರ್ಥಿಗಳೇ ಕಂಡಿದ್ದಾರೆ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ರದ್ದಾದವು. 1946ರಲ್ಲೂ 1978ರಲ್ಲೂ ನೋಟು ರದ್ದಾಗಿದ್ದವು. ಆದರೆ ಅವು ಸಾವಿರ, ಹತ್ತು ಸಾವಿರದಂಥ ದೊಡ್ಡ ನೋಟುಗಳು, ಕೂಲಿಯವರ ಕೈಗೆ ಬಾರದವು. ಈ ಸಲದ 500ರ ನೋಟು ವಾರದ ಕೂಲಿಯ ನೋಟು. ಬಯಲುಸೀಮೆಯಲ್ಲಿ ಅದು ಕಡಲೆಕಾಯಿ ಕಿತ್ತು ಮಾರುವ ಹೊತ್ತು. ಹಿಂದಿನ ದಿನ ಸರ್ಕಾರದ ಕಾಗದ ಬಂತು, ಮರುದಿನ ಸಂಜೆ ರಿಸರ್ವ್ ಬ್ಯಾಂಕಿನ ಮಂಡಳಿ ಕೂತು ಒಪ್ಪಿತು, ರಾತ್ರಿ ಪ್ರಧಾನಿ ಸಾರಿದರು. ಗವರ್ನರ್ ಊರ್ಜಿತ್ ಪಟೇಲ್. ಒಂದು ವಾರ ಕಳೆಯುವ ಮೊದಲೇ, ನವೆಂಬರ್ 14ರಂದು, ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೆ ನೋಟು ತೆಗೆದುಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕ್ ಆಜ್ಞೆ ಹೊರಡಿಸಿತು. ಹಳ್ಳಿಯವನ ಬ್ಯಾಂಕೇ ಹೊರಗೆ. ಕೊನೆಗೆ ರದ್ದಾದ ನೋಟುಗಳಲ್ಲಿ ನೂರಕ್ಕೆ 99.3 ವಾಪಸ್ಸು ಬಂದವೆಂದು 2018ರಲ್ಲಿ ಅದೇ ಬ್ಯಾಂಕ್ ಲೆಕ್ಕ ಕೊಟ್ಟಿತು. ಕಪ್ಪುಹಣ ಸುಟ್ಟುಹೋಗಲಿಲ್ಲ, ಸುಟ್ಟದ್ದು ಕೂಲಿಯ ದಿನಗಳು.

ಇದು ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಜನವರಿ 2ರಂದು ಐದು ನ್ಯಾಯಮೂರ್ತಿಗಳಲ್ಲಿ ನಾಲ್ವರು ಕ್ರಮ ಸರಿ ಎಂದರು. ಒಬ್ಬರು ಅಲ್ಲ ಎಂದರು. ಅವರು ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ. ಪ್ರಸ್ತಾಪ ಹುಟ್ಟಿದ್ದು ಸರ್ಕಾರದಲ್ಲಿ, ರಿಸರ್ವ್ ಬ್ಯಾಂಕ್ ತನ್ನ ಬುದ್ಧಿ ಓಡಿಸಿದ ಗುರುತಿಲ್ಲ, ಇಂಥ ಕೆಲಸ ಶಾಸನದ ಮೂಲಕ ಆಗಬೇಕಿತ್ತು ಎಂಬುದು ಅವರ ಭಿನ್ನ ತೀರ್ಪಿನ ತಿರುಳು. ನಾಲ್ಕರ ಮುಂದೆ ಒಂದು ಸೋತಿತು. ಆದರೆ ಗವರ್ನರ್ ಸಹಿ ಅವನದೇ ಸಹಿಯೋ, ಬೇರೆಯವರು ಹಿಡಿದು ಹಾಕಿಸಿದ ಸಹಿಯೋ ಎಂಬ ಪ್ರಶ್ನೆ ಕಾನೂನಿನ ಪುಸ್ತಕದಲ್ಲಿ ದಾಖಲಾಗಿ ಉಳಿಯಿತು.

ಎರಡನೆಯದು ಕಿರುಸಾಲದ ಕಥೆ. 2010ರಲ್ಲಿ ಆಂಧ್ರದಲ್ಲಿ ಕಿರುಸಾಲದ ಕಂಪನಿಗಳ ವಸೂಲಿ ಕಾಟಕ್ಕೆ ಜನ ಪ್ರಾಣ ಕಳೆದುಕೊಂಡರು. ಅಲ್ಲಿನ ಸರ್ಕಾರ ಕಾನೂನು ಮಾಡಿತು. ಡಿ. ಸುಬ್ಬರಾವ್ ಗವರ್ನರ್ ಆಗಿದ್ದಾಗ, 2011ರಲ್ಲಿ, ರಿಸರ್ವ್ ಬ್ಯಾಂಕ್ ಈ ಕಂಪನಿಗಳ ಬಡ್ಡಿಗೆ ನೂರಕ್ಕೆ 26ರ ಮಿತಿ ಹಾಕಿತು. ಶಕ್ತಿಕಾಂತ ದಾಸ್ ಕಾಲದಲ್ಲಿ, 2022ರಲ್ಲಿ, ಹೊಸ ನಿಯಮ ಬಂದು ಬಡ್ಡಿಯ ಮೇಲಿದ್ದ ಮಿತಿ ಹೋಯಿತು. ಪೈಪೋಟಿಯೇ ಬಡ್ಡಿಯನ್ನು ಇಳಿಸುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಮೂರು ವರ್ಷ ಕಳೆಯುವುದರೊಳಗೆ ಕರ್ನಾಟಕದ ಹಳ್ಳಿ ಹಳ್ಳಿಗಳಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ, ನೇಣು ಹಾಕಿಕೊಂಡವರ ಸುದ್ದಿ ಬಂತು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತು. ಪರವಾನಗಿ ಇಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ತೀರಿತೆಂದೇ ಲೆಕ್ಕ ಎಂದಿತು. ಅರಸರ 1976ರ ಕಾಯಿದೆಗೂ ಇದಕ್ಕೂ ನಡುವೆ ಸುಮಾರು ಐವತ್ತು ವರ್ಷ. ಸಾವುಕಾರ ಪಡಸಾಲೆಯಿಂದ ಎದ್ದು ಬೈಕು ಹತ್ತಿ ಬರುತ್ತಿದ್ದಾನೆ. ಹೆಬ್ಬೆಟ್ಟು ಈಗ ಶಾಯಿಯಲ್ಲಿಲ್ಲ, ಆಧಾರ್ ಯಂತ್ರದ ಮೇಲಿದೆ.

ಇಷ್ಟರಲ್ಲಿ ನಮ್ಮ ನಾಡಿನ ಬ್ಯಾಂಕುಗಳ ಹೆಸರುಗಳೇ ಒಂದೊಂದಾಗಿ ಅಳಿಸಿಹೋದವು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ 2017ರಲ್ಲಿ, ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ಮುಳುಗಿದವು. ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಬ್ಯಾಂಕ್ ದೊಡ್ಡದಾದಷ್ಟೂ ಅದರ ಮೇಜು ಎತ್ತರವಾಗುತ್ತದೆ. ಗಿಡ್ಡ ಮನುಷ್ಯನ ಮುಖ ಮೇಜಿನಾಚೆಗೆ ಕಾಣುವುದಿಲ್ಲ.

2024ರ ಡಿಸೆಂಬರಿನಲ್ಲಿ ಸಂಜಯ್ ಮಲ್ಹೋತ್ರಾ 26ನೆಯ ಗವರ್ನರ್ ಆದರು. ಈ 26 ಹೆಸರುಗಳಲ್ಲಿ ಒಂದೂ ಹೆಣ್ಣಿನ ಹೆಸರಲ್ಲ. ಮನೆಯ ಸಾಲ ಕಟ್ಟುವವಳು ಹೆಣ್ಣು, ಕಿರುಸಾಲದ ಗುಂಪಿನಲ್ಲಿ ಜಾಮೀನು ನಿಲ್ಲುವವಳು ಹೆಣ್ಣು, ನೋಟಿಗೆ ಸಹಿ ಹಾಕಿದವರು ಎಲ್ಲ ಗಂಡಸರು. ಹೆಚ್ಚಿನವರು ದೊಡ್ಡ ಅಧಿಕಾರಿಗಳು, ಇಲ್ಲ ಅರ್ಥಶಾಸ್ತ್ರಜ್ಞರು. ರಿಸರ್ವ್ ಬ್ಯಾಂಕ್ ತನ್ನ ಗವರ್ನರುಗಳ ಜಾತಿಯನ್ನು ಬರೆದಿಟ್ಟಿಲ್ಲ. ಪಟ್ಟಿಯನ್ನು ತೆಗೆದು ಓದಿ, ಕೇರಿಯ ದಾರಿಯಿಂದ ಆ ಕುರ್ಚಿಗೆ ಹೋದವರು ಯಾರಾದರೂ ಕಾಣುತ್ತಾರೆಯೇ ನೋಡಿ. ರೂಪಾಯಿಯ ಬಗ್ಗೆ ಅಷ್ಟು ಬರೆದ ಮನುಷ್ಯನ ಮುಖ ನೋಟಿನ ಮೇಲೆ ಬರಲಿ ಎಂದು ಕೇಳುವವರಿದ್ದಾರೆ. ಬರಲಿ. ಆದರೆ ಮುಖ ಬಂದು ಪ್ರಶ್ನೆ ಹೋದರೆ ಅದು ಇನ್ನೊಂದು ಮೋಸ.

2016ರಲ್ಲಿ ಕಾಯಿದೆ ತಿದ್ದಿ ಬೆಲೆಯೇರಿಕೆಗೆ ನೂರಕ್ಕೆ ನಾಲ್ಕರ ಗುರಿ ಇಟ್ಟರು, ಎರಡು ಆಚೆ ಎರಡು ಈಚೆ. ಬಡ್ಡಿ ನಿರ್ಧರಿಸಲು ಆರು ಜನರ ಸಮಿತಿ ಮಾಡಿದರು, ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಗುರಿ ಮೀರಿದರೆ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದುಕೊಡಬೇಕು. ಆಳುವ ಕೈಗೆ ಕಟ್ಟು ಬೇಕು ಎಂದ ಅಂಬೇಡ್ಕರ್ ಮಾತಿನ ಒಂದು ತುಣುಕು ತೊಂಬತ್ತು ವರ್ಷಗಳ ಮೇಲೆ ಕಾನೂನಿಗೆ ಬಂತು ಎನ್ನಬಹುದು. ಆದರೆ ಕಾರಣ ಹೇಳಬೇಕಾದದ್ದು ಸರ್ಕಾರಕ್ಕೆ. ಎರಡೂವರೆ ಕೆಜಿ ರಾಗಿ ಕಳೆದುಕೊಂಡವಳಿಗೆ ಕಾರಣ ಹೇಳುವ ಕಲಮು ಇನ್ನೂ ಬರೆದಿಲ್ಲ.

ಹಳ್ಳಿಯ ಮೇಷ್ಟರುಗಳಿಗೆ ಒಂದು ಮಾತು. ಗಣಿತದ ಪಾಠದಲ್ಲಿ ಚಕ್ರಬಡ್ಡಿ ಕಲಿಸುತ್ತೀರಿ. ಒಂದು ದಿನ ಒಂದು ನೋಟನ್ನೂ ಒಂದು ಸಾಲದ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ಯಾರು ಯಾರಿಗೆ ಏನು ಮಾತು ಕೊಟ್ಟಿದ್ದಾರೆ, ಮಾತು ತಪ್ಪಿದರೆ ಯಾರಿಗೆ ಏನಾಗುತ್ತದೆ ಎಂದು ಮಕ್ಕಳೇ ಹೇಳಲಿ. ಗೆಳೆಯರೆ, ಸಂಘ ಕಟ್ಟುವಾಗ ಕೂಲಿ ಇಷ್ಟು ಬೇಕು ಎಂದು ಕೇಳುತ್ತೇವೆ. ಅದರ ಜೊತೆಗೆ ಕೂಲಿಗೆ ಇಷ್ಟು ಕಾಳು ಬರಬೇಕು ಎಂದೂ ಕೇಳಬೇಕು. ಗ್ರಾಮಸಭೆಯಲ್ಲಿ ಬ್ಯಾಂಕಿನ ಮ್ಯಾನೇಜರ್ ಬಂದು ಕೂತಾಗ, ದುರ್ಬಲ ವರ್ಗದ ಪಾಲು ಈ ಶಾಖೆಯಲ್ಲಿ ಎಷ್ಟು, ಯಾರಿಗೆ ಹೋಯಿತು ಎಂದು ಹೆಸರು ಹಿಡಿದು ಕೇಳಬೇಕು. ಗವರ್ನರ್ ದೂರ ಇದ್ದಾನೆ, ಅವನ ನಿಯಮ ದೂರ ಇಲ್ಲ. ಅದು ಹೋಬಳಿಯ ಶಾಖೆಯ ಕಡತದಲ್ಲಿದೆ.

ವಚನ ಕೊಟ್ಟವನು ಯಾರೇ ಆಗಲಿ, ವಚನ ಇರುವುದು ನೋಟನ್ನು ಕೈಯಲ್ಲಿ ಹಿಡಿದವರಿಗೆ. ಹಿಡಿದವರು ನಾವು. ಹಾಗಾಗಿ ಕೇಳುವ ಹಕ್ಕೂ ನಮ್ಮದೇ.